ಎರಡು ಸ್ವಿಚ್‌ಗಳ ನಡುವೆ ಎರಡು ಕೇಬಲ್: ಜೋಡಿಸುವುದು ಹೇಗೆ?

ನೆಟ್‌ವರ್ಕ್ ಸ್ವಿಚ್‌ಗಳ (ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಗಳ) ನಡುವೆ ಇನ್ನೊಂದು ಕೇಬಲ್ ಹಾಕಿದರೆ ವೇಗ ಜಾಸ್ತಿ ಆಗಬೇಕು, ಅಲ್ವಾ? ಆಗುವುದಿಲ್ಲ. ಸುಮ್ನೆ ಚುಚ್ಚಿದರೆ, ಲೂಪ್ ಆಗದಂತೆ ಕಾಯುವ ಸ್ಪ್ಯಾನಿಂಗ್ ಟ್ರೀ ಎಂಬ ಸೌಲಭ್ಯ ಎರಡನೆಯದನ್ನು ತಡೆದು ಕೂರಿಸುತ್ತದೆ. ಆ ಸೌಲಭ್ಯ ಇಲ್ಲದ ಅಗ್ಗದ ಸ್ವಿಚ್ ಆದರೆ ಲೂಪ್ ಆಗಿ, ಅಂದರೆ ಡೇಟಾ ಸುತ್ತಿದಲ್ಲೇ ಸುತ್ತಿ, ಇಡೀ ಆಫೀಸಿನ ನೆಟ್‌ವರ್ಕ್ ಮಲಗುತ್ತದೆ. ನಾನೂ ಒಮ್ಮೆ ಮಲಗಿಸಿದ್ದೇನೆ. ಪೋರ್ಟ್ ದೀಪಗಳೆಲ್ಲ ಒಟ್ಟಿಗೆ ಪಟಪಟ ಮಿನುಗಿದಾಗಲೇ ಎದೆ ಧಸಕ್ಕೆಂದಿತ್ತು.

ಎರಡನ್ನೂ ದುಡಿಸಬೇಕಾದರೆ ಲಿಂಕ್ ಅಗ್ರಿಗೇಶನ್ ಮಾಡಬೇಕು, ಅಂದರೆ ಎರಡೂ ಕೇಬಲ್ ಸೇರಿಸಿ ಒಂದೇ ಲಿಂಕ್‌ನಂತೆ ಗುಂಪು ಕಟ್ಟಬೇಕು. ಇದರ ಮಾನದಂಡ 2000ದಲ್ಲೇ ಬಂದಿದೆ. ಸ್ವಿಚ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಭಾಷೆಗೆ ಎಲ್‌ಎಸಿಪಿ ಎನ್ನುತ್ತಾರೆ. ಇಲ್ಲಿ ಸಿಸ್ಕೊ ಸ್ವಿಚ್ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಕೇಬಲ್ ಮುಟ್ಟಬೇಡಿ. ಸ್ವಿಚ್‌ಗೆ ಆದೇಶ ಕೊಡುವ ಕನ್ಸೋಲ್ ಕೇಬಲ್ ಹಾಕಿಕೊಂಡು ಕೂತು, ಎರಡೂ ಕಡೆ 23 ಮತ್ತು 24ನೇ ಪೋರ್ಟ್‌ಗಳನ್ನು ‘ಶಟ್‌ಡೌನ್’ ಮಾಡಿ. ಅವುಗಳ ವೇಗ, ಡ್ಯೂಪ್ಲೆಕ್ಸ್ (ಒಟ್ಟಿಗೆ ಕಳಿಸಿ ಪಡೆಯುವುದೋ, ಸರದಿಯಲ್ಲೋ), ವಿಎಲ್ಯಾನ್ (ಒಂದೇ ಸ್ವಿಚ್‌ನೊಳಗಿನ ಬೇರೆಬೇರೆ ನೆಟ್‌ವರ್ಕ್) ಒಂದೇ ಥರ ಇರಲಿ. ಒಂದರಲ್ಲಿ ಬೇರೆಯಾದರೂ ಆ ಪೋರ್ಟ್ ಗುಂಪಿಗೆ ಸೇರುವುದಿಲ್ಲ.

ಆಮೇಲೆ ಆ ಎರಡು ಪೋರ್ಟ್‌ಗಳ ಮೇಲೆ ‘ಚಾನೆಲ್-ಗ್ರೂಪ್ 1 ಮೋಡ್ ಆಕ್ಟಿವ್’ ಕೊಡಿ. ಇನ್ನೊಂದು ಸ್ವಿಚ್‌ನಲ್ಲೂ ಇದೇ. ಒಂದು ಕಡೆ ಪ್ಯಾಸಿವ್ (ಕೇಳಿದರಷ್ಟೇ ಉತ್ತರಿಸುವ ಮೋಡ್) ಇದ್ದರೆ ನಡೆಯುತ್ತದೆ. ಎರಡೂ ಕಡೆ ಪ್ಯಾಸಿವ್ ಇಟ್ಟರೆ ಯಾರೂ ಮಾತು ಶುರು ಮಾಡುವುದಿಲ್ಲ. ‘ಆನ್’ ಮೋಡ್ ಬೇಡವೇ ಬೇಡ. ಅದು ಆಚೆ ಕಡೆಯವರನ್ನು ಕೇಳದೆ ಗುಂಪು ಕಟ್ಟುತ್ತದೆ, ಕೇಬಲ್ ತಪ್ಪಿದರೆ ಮತ್ತೆ ಲೂಪ್.

ಟ್ರಂಕ್ ಸೆಟ್ಟಿಂಗನ್ನು (ಹಲವು ವಿಎಲ್ಯಾನ್ ಒಂದೇ ಲಿಂಕ್‌ನಲ್ಲಿ ಸಾಗಿಸುವುದು) ಆ ಗುಂಪಿನ, ಅಂದರೆ ‘ಪೋರ್ಟ್-ಚಾನೆಲ್ 1’ರ, ಮೇಲೆ ಹಾಕಿ, ಪೋರ್ಟ್‌ಗಳ ಮೇಲಲ್ಲ. ಈಗ ಕೇಬಲ್ ಚುಚ್ಚಿ ‘ನೋ ಶಟ್‌ಡೌನ್’ ಕೊಡಿ.

‘ಶೋ ಈಥರ್‌ಚಾನೆಲ್ ಸಮರಿ’ ನೋಡಿ. ಗುಂಪಿನ ಪಕ್ಕ ‘ಎಸ್‌ಯು’, ಪ್ರತಿ ಪೋರ್ಟ್ ಪಕ್ಕ ‘ಪಿ’ ಇದ್ದರೆ ಗೆದ್ದಿರಿ. ಸಣ್ಣಕ್ಷರದ ‘ಎಸ್’ ಕಂಡರೆ ಆ ಪೋರ್ಟನ್ನು ಹೊರಗಿಟ್ಟಿದ್ದಾರೆ ಎಂದರ್ಥ. ಸೆಟ್ಟಿಂಗ್ ಹೋಲಿಸಿ ನೋಡಿ.

ಇಷ್ಟಾದ ಮೇಲೂ ಒಂದು ದೊಡ್ಡ ಫೈಲ್ ಕಾಪಿ ಮಾಡಿದರೆ ಒಂದು ಕೇಬಲ್‌ನ ವೇಗ (ಇಲ್ಲಿ 1 ಗಿಗಾಬಿಟ್) ದಾಟುವುದಿಲ್ಲ. ಗಾಬರಿ ಬೇಡ. ಯಾರಿಂದ ಯಾರಿಗೆ ಎಂಬ ವಿಳಾಸ ನೋಡಿ ಸ್ವಿಚ್ ಕೇಬಲ್ ಆರಿಸುತ್ತದೆ, ಹಾಗಾಗಿ ಒಂದು ಮಾತುಕತೆ ಒಂದೇ ಕೇಬಲ್‌ನಲ್ಲಿ ಹೋಗುತ್ತದೆ. ಹತ್ತಾರು ಜನ ಬಳಸಿದಾಗಲೇ ಲಾಭ.

ಕೊನೆಗೆ ಆಚೆಯ ಕಂಪ್ಯೂಟರ್ ಉತ್ತರಿಸುತ್ತದೆಯೇ ಎಂದು ನೋಡುವ ಪಿಂಗ್ ಓಡಿಸಿಟ್ಟು ಒಂದು ಕೇಬಲ್ ಕಿತ್ತು ನೋಡಿ. ಒಂದೆರಡು ಪಿಂಗ್ ತಪ್ಪಬಹುದು, ಅಷ್ಟೇ. ಸರಿಯಿದ್ದರೆ ಎರಡೂ ಸ್ವಿಚ್‌ಗಳಲ್ಲಿ ‘ರೈಟ್ ಮೆಮೊರಿ’ ಕೊಟ್ಟು ಸೆಟ್ಟಿಂಗ್ ಉಳಿಸಿ. ಮರೆತರೆ, ಕರೆಂಟ್ ಹೋಗಿ ಬಂದ ದಿನ ಎಲ್ಲ ಮೊದಲಿನಿಂದ.