ಊರಿನ ಫೋನುಗಳಲ್ಲಿ ಸುಳ್ಳು ಸುದ್ದಿ ಎಷ್ಟು? ಲೆಕ್ಕ ಹಾಕುವುದು ಹೀಗೆ

“ನಿಮಗೆ ಸುಳ್ಳು ಮೆಸೇಜ್ ಬರುತ್ತದಾ?” ಅಂತ ಮಾತ್ರ ಕೇಳಬೇಡಿ. ಕಾಸರಗೋಡಿನ ಬದಿಯಡ್ಕದಲ್ಲಿ ನಮ್ಮ ಅತ್ತೆ ಹತ್ತಿರ ನಾನು ಕೇಳಿದ್ದು ಅದನ್ನೇ. “ನನಗೆ ಅಂಥದ್ದೆಲ್ಲ ಬರುವುದಿಲ್ಲ ಮಾರಾಯ” ಅಂದರು. ಆಮೇಲೆ ಅವರೇ ವಾಟ್ಸಾಪ್ ತೆರೆದು ತೋರಿಸಿದರೆ, ಕೋಳಿ ತಿಂದರೆ ನಿಫಾ ಬರುತ್ತದೆ ಎಂಬ ಮಲಯಾಳಂ ವಾಯ್ಸ್, ಮೇಲೆ ಜೋಡಿ ಬಾಣದ ಗುರುತು. ಅಂದರೆ ಐದಾರು ಕೈಯಾದರೂ ದಾಟಿ ಬಂದದ್ದು. 2018ರಲ್ಲಿ ಕೋಝಿಕ್ಕೋಡ್ ಕಡೆ ನಿಫಾ ಬಂದಾಗಲೇ ಓಡಾಡಿದ ಹಳೇ ಸುಳ್ಳು ಅದು. ಅತ್ತೆ ಮುಚ್ಚಿಟ್ಟದ್ದಲ್ಲ, ಅವರ ಲೆಕ್ಕದಲ್ಲಿ ಅದು ಸುದ್ದಿ.

ಹಾಗಾಗಿ ನೆನಪನ್ನು ನಂಬಬೇಡಿ, ಫೋನನ್ನೇ ನೋಡಿ. ಆದರೆ ನೋಡುವ ಮೊದಲೇ ಯಾವುದನ್ನು ಸುಳ್ಳು ಅಂತ ಲೆಕ್ಕಕ್ಕೆ ಹಿಡಿಯುತ್ತೀರಿ ಎಂದು ಬರೆದಿಡಿ, ಇಲ್ಲದಿದ್ದರೆ ನಿಮಗೆ ಹಿಡಿಸದ್ದೆಲ್ಲ ಸುಳ್ಳಿನ ಪಟ್ಟಿಗೆ ಹೋಗುತ್ತದೆ. ಒಂದೇ ವಿಷಯ ಸಾಕು, ಆರೋಗ್ಯ ಅಂತ ಇಟ್ಟುಕೊಳ್ಳಿ. ಒಪ್ಪಿಗೆ ಕೇಳಿ. ಗ್ರೂಪಿನ ಉಳಿದವರು ಒಪ್ಪಿಗೆ ಕೊಟ್ಟಿಲ್ಲ ಅಲ್ವಾ, ಅದಕ್ಕೇ ಹೆಸರು, ಸ್ಕ್ರೀನ್‌ಶಾಟ್ ಬೇಡ. ನೋಟ್‌ಬುಕ್ಕಿನಲ್ಲಿ ಗೀಟು ಹಾಕಿದರೆ ಸಾಕು, ಏಳು ದಿನ.

ಸುಳ್ಳನ್ನಷ್ಟೇ ಅಲ್ಲ, ಬಂದ ಸುದ್ದಿಯನ್ನೆಲ್ಲ ಎಣಿಸಿ. ಅಮೆರಿಕದ 2016ರ ಚುನಾವಣೆ ಹೊತ್ತಿನ ಒಂದು ಅಧ್ಯಯನದಲ್ಲಿ ಸುಮಾರು ಶೇ. 44 ಜನ ನಂಬಲಾಗದ ವೆಬ್‌ಸೈಟಿಗೆ ಒಮ್ಮೆಯಾದರೂ ಹೋಗಿದ್ದರು. ಆದರೆ ಜನ ನೋಡಿದ ಒಟ್ಟು ಸುದ್ದಿ ಪುಟಗಳಲ್ಲಿ ಅಂಥವು ಶೇ. 6ರಷ್ಟೇ. ಮೊದಲಿನದ್ದನ್ನು ಮಾತ್ರ ಹೇಳಿದರೆ ಊರೇ ಹಾಳಾದ ಹಾಗೆ ಕೇಳುತ್ತದೆ! ಸರಾಸರಿಯನ್ನೂ ಜಾಸ್ತಿ ನಂಬಬೇಡಿ, ಒಂದಿಬ್ಬರ ಫೋನಿನಲ್ಲೇ ರಾಶಿ ಬಿದ್ದಿರುತ್ತದೆ.

ಕಾಸರಗೋಡಿನಲ್ಲಿ ಇನ್ನೊಂದು ತಲೆಬಿಸಿ ಉಂಟು. ಒಂದೇ ಸುದ್ದಿ ಮಲಯಾಳಂನಲ್ಲಿ ಬರುತ್ತದೆ, ಮಂಗಳೂರು ಕಡೆಯಿಂದ ಕನ್ನಡದಲ್ಲಿ ಬರುತ್ತದೆ, ಸಂಜೆ ಅಂಗಡಿ ಜಗಲಿಯಲ್ಲಿ ತುಳುವಿನಲ್ಲೂ ಕೇಳುತ್ತದೆ. “ಬಾಯಿಮಾತು” ಅಂತ ಬೇರೆ ಕಾಲಂ ಇಡಿ.

ಪರಿಣಾಮ ಅಳೆಯುವುದು ಕಷ್ಟದ ಕೆಲಸ. ಅತ್ತೆ ಎರಡು ವಾರ ಕೋಳಿ ತರಲಿಲ್ಲ. ಮೆಸೇಜಿನಿಂದಲೋ, ರೇಟು ಏರಿದ್ದಕ್ಕೋ? ಮೆಸೇಜ್ ಬಾರದ ಮನೆಗಳಲ್ಲೂ ಕೇಳಿದರೆ ಅಲ್ಪಸ್ವಲ್ಪ ಗೊತ್ತಾಗುತ್ತದೆ. ನೋಡಿದರಾ, ನಂಬಿದರಾ, ಏನಾದರೂ ಮಾಡಿದರಾ, ಮೂರನ್ನೂ ಬೇರೆ ಬೇರೆ ಬರೆಯಿರಿ. ವಾರದ ಮೊದಲು ಮತ್ತು ಕೊನೆಗೆ ಆ ಸುದ್ದಿಗಳ ಬಗ್ಗೆ “ಇದು ನಿಜವಾ?” ಅಂತ ಒಂದೇ ಪ್ರಶ್ನೆ ಕೇಳಿ, ಸುಳ್ಳುಗಳ ನಡುವೆ ನಿಜವಾದ ಸುದ್ದಿಗಳನ್ನೂ ಸೇರಿಸಿ. ಸುಮ್ನೆ ಸುಳ್ಳನ್ನೇ ಕೇಳುತ್ತಾ ಹೋದರೆ ವಾಸನೆ ಹಿಡಿದು ಎಲ್ಲದಕ್ಕೂ “ಇಲ್ಲ” ಅಂದುಬಿಡುತ್ತಾರೆ.

ಮತ್ತೆ ಮತ್ತೆ ಕೇಳಿದ ಮಾತು ನಿಜ ಅನಿಸತೊಡಗುತ್ತದೆ, 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ನಿಮ್ಮ ಪ್ರಶ್ನೆಯೂ ಅದೇ ಕೆಲಸ ಮಾಡಬಹುದು. ಅದಕ್ಕೇ ಕೊನೆಯ ದಿನ ಯಾವುದು ಸುಳ್ಳು ಅಂತ ಪ್ರತಿಯೊಬ್ಬರಿಗೂ ಹೇಳಿ. ನಾನು ಒಬ್ಬರಿಗೆ ಹೇಳಲು ಮರೆತು, ಮಾರನೇ ದಿನ ಮಳೆಯಲ್ಲಿ ಮತ್ತೆ ಅವರ ಮನೆ ಗುಡ್ಡ ಹತ್ತಿದ್ದೇನೆ.