ಕಾರವಾರದ ಉಪ್ಪುಗಾಳಿಯಲ್ಲಿ ಇಂಜಿನ್ ಕವರಿನ ಬೋಲ್ಟುಗಳು

ಬೈಕ್ ರಿಪೇರಿ ಕಲಿತದ್ದು ಶಿರಸಿಯ ಒಂದು ಗ್ಯಾರೇಜಿನಲ್ಲಿ, ಅಂಗಡಿ ಇಟ್ಟದ್ದು ಕಾರವಾರದ ಕೋಡಿಬಾಗದಲ್ಲಿ. ಶಿರಸಿಯ ಬೈಕುಗಳು ಮೈತುಂಬ ಕೆಂಪು ಕೆಸರು ಮೆತ್ತಿಕೊಂಡು ಬರುತ್ತಿದ್ದವು. ಕೆಸರು ತೊಳೆದು ಸ್ಪ್ಯಾನರ್ ಹಾಕಿದರೆ ಬೋಲ್ಟು ತಕರಾರಿಲ್ಲದೆ ತಿರುಗುತ್ತಿತ್ತು. ಕಾರವಾರದ ಬೈಕು ನೋಡಲು ಶುಭ್ರ. ಆದರೆ ಕವರಿನ ಅಂಚಿನಲ್ಲಿ, ಬೋಲ್ಟಿನ ತಲೆಯ ಬುಡದಲ್ಲಿ, ತೆಳ್ಳಗೆ ಬಿಳಿ ಪುಡಿ ಕೂತಿರುತ್ತದೆ. ಆ ಪುಡಿ ಕಂಡರೆ ನಾನು ಅವಸರದಿಂದ ಸ್ಪ್ಯಾನರಿಗೆ ಕೈ ಹಾಕುವುದಿಲ್ಲ.

ಕವರು ಅಲ್ಯೂಮಿನಿಯಂ, ಬೋಲ್ಟು ಉಕ್ಕು. ಎರಡು ಬೇರೆ ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಅಲ್ಲಿ ಸಣ್ಣದೊಂದು ವಿದ್ಯುತ್ ಪ್ರವಾಹ ಹುಟ್ಟಿ ಅಲ್ಯೂಮಿನಿಯಂ ಸವೆಯತೊಡಗುತ್ತದೆ. ಸವೆದದ್ದು ಬಿಳಿ ಪುಡಿಯಾಗಿ ಥ್ರೆಡ್ಡಿನ ಸಂದಿಯಲ್ಲಿ ತುಂಬಿಕೊಂಡು ಬೋಲ್ಟನ್ನು ಕಚ್ಚಿ ಹಿಡಿಯುತ್ತದೆ. ಬೈತಖೋಲ ಬಂದರಿನಿಂದ ಮೀನಿನ ಪೆಟ್ಟಿಗೆ ಹೊರುವ ಗಾಡಿಗಳಲ್ಲಿ ಇದು ಇನ್ನೂ ಹೆಚ್ಚು, ಐಸ್ ಕರಗಿದ ಉಪ್ಪುನೀರು ನೇರವಾಗಿ ಇಂಜಿನ್ ಮೇಲೆಯೇ ಸುರಿಯುತ್ತಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ ಮಳೆಗಾಲವಿಡೀ ಎಷ್ಟೋ ಗಾಡಿಗಳು ಉಪ್ಪನ್ನು ಮೈಮೇಲೆ ಹೊತ್ತುಕೊಂಡು ಸೂರಿನಡಿ ನಿಂತಿರುತ್ತವೆ. ಆಗಸ್ಟಿನಲ್ಲಿ ಕ್ಲಚ್ ಪ್ಲೇಟ್ ಬದಲಿಸಲು ನನ್ನಲ್ಲಿಗೆ ಬಂದಾಗ ಬೋಲ್ಟು ಮತ್ತು ಕವರು ಒಂದೇ ಲೋಹವಾದ ಹಾಗೆ ಕೂಡಿಕೊಂಡಿರುತ್ತವೆ.

ಬಲಗಡೆಯ ಕ್ಲಚ್ ಕವರ್ ತೆಗೆಯುವ ಮೊದಲು ಇಂಜಿನ್ ಸ್ವಲ್ಪ ಬಿಸಿಯಾಗುವಷ್ಟು ಓಡಿಸಿ, ಆಯಿಲ್ ಇಳಿಸಿ, ಗಾಡಿ ತಣಿಯಲು ಬಿಡುತ್ತೇನೆ. ಆ ಹೊತ್ತಿನಲ್ಲಿ ಪ್ರತಿ ಬೋಲ್ಟಿನ ತಲೆಯ ಸುತ್ತ ತಂತಿ ಬ್ರಷ್ ಆಡಿಸಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ತಲೆಯ ಮೇಲೆ ಸಣ್ಣ ಸುತ್ತಿಗೆಯಿಂದ ನೇರವಾಗಿ ತಟ್ಟುತ್ತೇನೆ. ತಟ್ಟಿದರೆ ಒಳಗಿನ ಪುಡಿ ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ಸಾಧ್ಯವಾದರೆ ಹಿಂದಿನ ಸಂಜೆಯೇ ಎಣ್ಣೆ ಬಿಟ್ಟು ರಾತ್ರಿಯಿಡೀ ಇಡುವುದು ಉತ್ತಮ.

ಸ್ಪ್ಯಾನರಿನ ವಿಷಯದಲ್ಲಿ ನಾನು ಹಠಮಾರಿ. ಈ ಬೋಲ್ಟುಗಳು ಸಾಮಾನ್ಯವಾಗಿ 6 ಮಿಲಿಮೀಟರ್ ದಪ್ಪದವು, ಬಹುಪಾಲು ತಲೆಗಳಿಗೆ 8ರ ಸಾಕೆಟ್ ಕೂರುತ್ತದೆ. ಆರು ಮೂಲೆಯ ಸಾಕೆಟ್ಟೇ ಬೇಕು. ಹನ್ನೆರಡು ಮೂಲೆಯದು ಮೂಲೆಗಳನ್ನಷ್ಟೇ ಹಿಡಿದು ತಲೆಯನ್ನು ಉರುಟು ಮಾಡುತ್ತದೆ. ಹಳೆಯ ಆರ್‌ಎಕ್ಸ್ 100ರಂಥ ಗಾಡಿಗಳಲ್ಲಿ ಸ್ಟಾರ್ ತಲೆಯ ಸ್ಕ್ರೂಗಳಿರುತ್ತವೆ. ಅವು ಜಪಾನಿ ಮಾದರಿಯವು, ಅಂಗಡಿಯಲ್ಲಿ ಸಿಗುವ ಫಿಲಿಪ್ಸ್ ಸ್ಕ್ರೂ ಡ್ರೈವರ್ ಅವುಗಳಲ್ಲಿ ಪೂರ್ತಿ ಇಳಿಯದೆ ಜಾರಿ ಸ್ಕ್ರೂವಿನ ತಲೆಯನ್ನು ಕೆಡಿಸುತ್ತದೆ. ಅವಕ್ಕೆ ತಕ್ಕ ಬಿಟ್ ಹಾಕಿದ ಇಂಪ್ಯಾಕ್ಟ್ ಡ್ರೈವರನ್ನು ಸುತ್ತಿಗೆಯಿಂದ ಹೊಡೆದರೆ, ಬಿಟ್ ಒಳಗೆ ಒತ್ತಿಕೊಳ್ಳುತ್ತಲೇ ತಿರುಗುತ್ತದೆ.

ಮೊದಲ ತಿರುವು ನಾನು ಕೊಡುವುದು ಬಿಗಿಯುವ ದಿಕ್ಕಿಗೆ, ಕೂದಲೆಳೆಯಷ್ಟು. ಕಚ್ಚಿದ ಪುಡಿ ಆ ಅಲುಗಾಟಕ್ಕೆ ಬಿಡುತ್ತದೆ. ಆಮೇಲೆ ಎದುರುಬದುರಾಗಿ ಒಂದೊಂದನ್ನೂ ಕಾಲು ಸುತ್ತು ಸಡಿಲಿಸುತ್ತೇನೆ. ಒಂದನ್ನು ಪೂರ್ತಿ ಬಿಚ್ಚಿ ಇನ್ನೊಂದಕ್ಕೆ ಹೋದರೆ ಉಳಿದ ಒಂದೆರಡರ ಮೇಲೆ ಕವರಿನ ಸೆಳೆತವೆಲ್ಲ ಬೀಳುತ್ತದೆ.

ಮುಂದಿನ ಗಾಲಿ ನೀರು ಸಿಡಿಸುವ ಕೆಳಮೂಲೆಯ ಬೋಲ್ಟು ಎಲ್ಲಕ್ಕಿಂತ ಮೊಂಡು. ಕಳೆದ ಮಳೆಗಾಲದ ಕೊನೆಗೆ ಬೈತಖೋಲದ ಮೀನುಗಾರರೊಬ್ಬರ 100 ಸಿಸಿ ಗಾಡಿಯಲ್ಲಿ ಉಳಿದವೆಲ್ಲ ಬಂದರೂ ಅದು ಅಲುಗಲಿಲ್ಲ. ಸ್ಪ್ಯಾನರ್ ಹಿಡಿಕೆ ತಿರುಗುತ್ತಿತ್ತು, ಆದರೆ ಕೈಗೆ ರಬ್ಬರ್ ತಿರುಚಿದ ಅನುಭವ. ಅಂದರೆ ಥ್ರೆಡ್ ಜರುಗುತ್ತಿಲ್ಲ, ಬೋಲ್ಟಿನ ದೇಹವೇ ತಿರುಚಿಕೊಳ್ಳುತ್ತಿದೆ. ಅಲ್ಲಿಗೆ ನಿಲ್ಲಿಸಲೇಬೇಕು, ಮುಂದಿನ ಅರ್ಧ ಸುತ್ತಿನಲ್ಲೇ ತಲೆ ಕಿತ್ತು ಬರುತ್ತದೆ. ಹಾಟ್ ಏರ್ ಗನ್ನಿನಿಂದ ಬೋಲ್ಟಿನ ಸುತ್ತಲಿನ ಅಲ್ಯೂಮಿನಿಯಂ ಉಬ್ಬನ್ನು ಕಾಯಿಸಿದೆ. ಒಂದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ತೂತು ಬೋಲ್ಟಿನಿಂದ ಸರಿಯುತ್ತದೆ. ಮುಟ್ಟುವಷ್ಟು ತಣಿದ ಮೇಲೆ ಎಣ್ಣೆ ಬಿಟ್ಟು ಮತ್ತೆ ತಟ್ಟಿದೆ. ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಇರುವುದರಿಂದ ಬೆಂಕಿಯ ಜ್ವಾಲೆಯನ್ನು ನಾನು ಹತ್ತಿರ ತರುವುದಿಲ್ಲ, ಬಿಸಿ ಲೋಹದ ಮೇಲೆ ಎಣ್ಣೆಯನ್ನೂ ಸಿಂಪಡಿಸುವುದಿಲ್ಲ. ಹೀಗೆ ಕಾಯಿಸಿ ತಣಿಸಿ ಕಾದ ಮೇಲೆ ಸಣ್ಣದಾಗಿ ‘ಕಿರ್’ ಎಂಬ ಸದ್ದು ಬಂತು. ಅದು ಥ್ರೆಡ್ ಬಿಟ್ಟ ಸದ್ದು. ಆಗಲೂ ಒಂದೇ ಸಮನೆ ಎಳೆಯದೆ, ಕಾಲು ಸುತ್ತು ಹಿಂದೆ, ಅರೆಕಾಲು ಸುತ್ತು ಮುಂದೆ, ನಡುವೆ ಎಣ್ಣೆ. ಹೊರಬಂದ ಬೋಲ್ಟಿನ ಥ್ರೆಡ್ಡುಗಳಲ್ಲಿ ಸುಣ್ಣದಂಥ ಬಿಳಿ ಗಟ್ಟಿ ತುಂಬಿತ್ತು, ಗ್ರೀಸಿನ ಸುಳಿವೂ ಇರಲಿಲ್ಲ.

ಹಿಂದೆ ಯಾರೋ ಬೋಲ್ಟನ್ನು ಗ್ರೀಸಿಲ್ಲದೆ ಒಣಗಿದ್ದಂತೆಯೇ ಹಾಕಿ, ಅಗತ್ಯಕ್ಕಿಂತ ಜೋರಾಗಿ ಬಿಗಿದಿದ್ದರು. ಕರಾವಳಿಯಲ್ಲಿ ಬಿಚ್ಚುವ ಕಷ್ಟದ ಬಹುಪಾಲು ಹಿಂದಿನ ಸಲ ಬಿಗಿದ ಕೈಯಿಂದ ಬರುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದ್ದರಿಂದ ಬಿಗಿಯುವ ಕೆಲಸಕ್ಕೆ ಬಿಚ್ಚಿದ್ದಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇನೆ.

ಬೋಲ್ಟುಗಳ ಉದ್ದ ಒಂದೇ ಇರುವುದಿಲ್ಲ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ತೆಗೆದ ಜಾಗದಲ್ಲೇ ತೂತು ಮಾಡಿ ಒಂದೊಂದನ್ನೂ ಚುಚ್ಚಿಡುತ್ತೇನೆ. ಕೆಲವಕ್ಕೆ ತಾಮ್ರದ ವಾಷರ್ ಇರುತ್ತದೆ, ಕೆಲವದರ ಕೆಳಗೆ ವೈರಿನ ಕ್ಲಿಪ್ಪು. ಕವರು ಸುಲಭವಾಗಿ ಬರದಿದ್ದರೆ ರಬ್ಬರ್ ಸುತ್ತಿಗೆಯಿಂದ ಅಂಚನ್ನು ತಟ್ಟಬೇಕು, ಸಂದಿಗೆ ಸ್ಕ್ರೂ ಡ್ರೈವರ್ ತುರುಕಬಾರದು. ಅಲ್ಲಿ ಬಿದ್ದ ಗೆರೆಯಿಂದ ಮುಂದೆ ಆಯಿಲ್ ಜಿನುಗುತ್ತದೆ. ಕವರನ್ನು ಸರಿಯಾಗಿ ಕೂರಿಸುವ ಎರಡು ಡೋವೆಲ್ ಪಿನ್ನುಗಳು ಬಂದ ಕವರಿನಲ್ಲೋ ಇಂಜಿನ್ನಿನಲ್ಲೋ ಇವೆಯೇ ಎಂದು ಅಲ್ಲೇ ನೋಡಿಕೊಳ್ಳಬೇಕು.

ಕವರಿಗೂ ಇಂಜಿನ್ನಿಗೂ ನಡುವಿನ ಹಳೆಯ ಪ್ಯಾಕಿಂಗ್ ತೆಗೆದು ಎರಡೂ ಮೈ ಒರೆಸಿದ ಮೇಲೆ ತೂತುಗಳಿಗೆ ಗಾಳಿ ಹೊಡೆಯುತ್ತೇನೆ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತಿದ್ದರೆ ಬೋಲ್ಟು ಇಳಿಯುವಾಗ ಅದಕ್ಕೆ ಹೋಗಲು ಜಾಗವಿರುವುದಿಲ್ಲ, ಆ ಒತ್ತಡಕ್ಕೆ ಅಲ್ಯೂಮಿನಿಯಂ ಸೀಳಬಹುದು. ಹೊಸ ಪ್ಯಾಕಿಂಗ್ ಇಟ್ಟು, ಬೋಲ್ಟುಗಳನ್ನು ತಿರುಗಿಸದೆ ತೂತಿನಲ್ಲಿ ಬಿಟ್ಟು ನೋಡುತ್ತೇನೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಹೊರಗೆ ನಿಂತಿರಬೇಕು, ಒಂದು ಗಿಡ್ಡ ಅಥವಾ ಉದ್ದ ಕಂಡರೆ ಜಾಗ ಅದಲುಬದಲಾಗಿದೆ. ಗಿಡ್ಡ ಬೋಲ್ಟು ಎರಡೇ ಥ್ರೆಡ್ಡನ್ನು ಹಿಡಿದು ಕಿತ್ತುಬಿಡುತ್ತದೆ, ಉದ್ದದ್ದು ತಳಕ್ಕೆ ತಾಗಿ ಬಿಗಿಯಾದಂತೆ ತೋರುತ್ತದೆ, ಕವರು ಮಾತ್ರ ಸಡಿಲವಾಗಿಯೇ ಇರುತ್ತದೆ.

ಥ್ರೆಡ್ಡಿಗೆ ನೀರು ತಡೆಯುವ ಗ್ರೀಸನ್ನು ತೆಳುವಾಗಿ ಸವರುತ್ತೇನೆ. ಬೆರಳಿನಿಂದಲೇ ಎಲ್ಲವನ್ನೂ ಹಲವು ಸುತ್ತು ಇಳಿಸುತ್ತೇನೆ. ಬೆರಳಿಗೆ ತಿರುಗದಿದ್ದರೆ ಥ್ರೆಡ್ ಅಡ್ಡ ಹತ್ತಿದೆ ಎಂದರ್ಥ, ಅಲ್ಲೇ ತೆಗೆದು ಮತ್ತೆ ಹಾಕಬೇಕು. ಆಮೇಲೆ ಎದುರುಬದುರು ಎರಡು ಮೂರು ಹಂತದಲ್ಲಿ ಬಿಗಿಯುವುದು.

ಎಷ್ಟು ಬಿಗಿಯಬೇಕು? 6 ಮಿಲಿಮೀಟರ್ ಬೋಲ್ಟಿಗೆ ಕಂಪನಿಯ ಪುಸ್ತಕಗಳು ಕೊಡುವ ಲೆಕ್ಕ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು. 20 ಸೆಂಟಿಮೀಟರ್ ಹಿಡಿಕೆಯ ತುದಿಯಲ್ಲಿ ಸುಮಾರು 5 ಕಿಲೋ ಭಾರ ಒತ್ತಿದಷ್ಟು. ಅಷ್ಟಕ್ಕೇ ಬೋಲ್ಟಿನೊಳಗೆ ಅಂದಾಜು 800 ಕಿಲೋ ಎಳೆತ ಹುಟ್ಟುತ್ತದೆ. ಗ್ರೀಸ್ ಹಚ್ಚಿದ್ದರೆ ಘರ್ಷಣೆ ಕಡಿಮೆಯಾಗಿ ಅದೇ ತಿರುವಿಗೆ ಎಳೆತ ಇನ್ನೂ ಏರುತ್ತದೆ. ಹೀಗಾಗಿ ನಾನು 8 ನ್ಯೂಟನ್ ಮೀಟರಿಗೇ ನಿಲ್ಲಿಸುತ್ತೇನೆ. ಅದಕ್ಕೆ 5ರಿಂದ 25ರ ಸಣ್ಣ ಟಾರ್ಕ್ ರೆಂಚ್, ಅಂದರೆ ಹೇಳಿದಷ್ಟು ಬಿಗಿಯಾದಾಗ ಸದ್ದು ಮಾಡುವ ಸ್ಪ್ಯಾನರ್, ಇಟ್ಟುಕೊಂಡಿದ್ದೇನೆ. ಕಾರಿನ ಚಕ್ರ ಬಿಗಿಯುವ ದೊಡ್ಡದು ಇಷ್ಟು ಕಡಿಮೆ ಅಳತೆಯಲ್ಲಿ ನಂಬಿಕೆಗೆ ಅರ್ಹವಲ್ಲ. ಅಂದಿನ ಮೀನುಗಾರರು ಪಕ್ಕದಲ್ಲೇ ನಿಂತು, “ಇನ್ನೂ ಸ್ವಲ್ಪ ಜೋರು ಕೊಡಿ ಅಣ್ಣಾ, ಆಯಿಲ್ ಸೋರಬಾರದು” ಎಂದರು. ಆಯಿಲ್ ತಡೆಯುವುದು ಪ್ಯಾಕಿಂಗು ಮತ್ತು ಸಮನಾದ ಒತ್ತಡ, ಒಂದು ಬೋಲ್ಟಿನ ಜೋರಲ್ಲ ಎಂದು ಹೇಳಿ ರೆಂಚಿನ ‘ಟಿಕ್’ ಅವರಿಗೂ ಕೇಳಿಸಿದೆ. ಬಿಗಿಯುವುದು ಯಾವಾಗಲೂ ತಣ್ಣಗಿನ ಇಂಜಿನ್ನಿನಲ್ಲಿ.

ಹೊಳಪಿಗಾಗಿ ಸ್ಟೇನ್‌ಲೆಸ್ ಅಲೆನ್ ಬೋಲ್ಟು ಹಾಕಿಸುವ ಹುಡುಗರು ಈಗ ಬಹಳ. ಸ್ಟೇನ್‌ಲೆಸ್ ತಾನು ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ, ಆದರೆ ಉಪ್ಪಿನಲ್ಲಿ ಪಕ್ಕದ ಅಲ್ಯೂಮಿನಿಯಮ್ಮನ್ನು ಇನ್ನೂ ಬೇಗ ತಿನ್ನುತ್ತದೆ. ಅಲೆನ್ ತಲೆಯ ಕುಳಿಯಲ್ಲಿ ಮಳೆನೀರು ನಿಲ್ಲುವುದೂ ಉಂಟು. ಹಾಕಲೇಬೇಕೆಂದರೆ ಗ್ರೀಸ್ ಹಚ್ಚಿ ಹಾಕುತ್ತೇನೆ, ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಒಂದೊಂದನ್ನೇ ತೆಗೆದು ಒರೆಸಿ ಮತ್ತೆ ಹಚ್ಚಿಸಿಕೊಳ್ಳಲು ಹೇಳಿ ಕಳುಹಿಸುತ್ತೇನೆ.