ಖುಲಾಸೆಯಾದ ದಿನವೇ ತೀರ್ಪಿನ ನಕಲಿಗೆ ಅರ್ಜಿ ಹಾಕಿ

ಗದಗದಲ್ಲಿ ವಕೀಲರ ಗುಮಾಸ್ತನಾಗಿ 26 ವರ್ಷ ದುಡಿದವನು ನಾನು. ರೋಣದ ಕಡೆಯ ಒಬ್ಬರು ಅಪೀಲಿನಲ್ಲಿ ಖುಲಾಸೆಯಾಗಿ ಊರಿಗೆ ಹೋದವರೇ ಕೇಸಿನ ಕಾಗದವನ್ನೆಲ್ಲ ಒಲೆಗೆ ಹಾಕಿದರು. ‘ಪೀಡಾ ಹೋತ್ರಿ’ ಅಂದರು. 14 ತಿಂಗಳ ಮೇಲೆ ಪರಿಹಾರ ಕೇಳೋಣ ಅಂತ ಬಂದರು. ಸುಳ್ಳು ಕೇಸು ಹಾಕಿದವರ ಮೇಲೆ ಸಿವಿಲ್ ದಾವೆ ಹೂಡಲು ಇರುವುದು ಒಂದೇ ವರ್ಷ.

ಜೈಲಿನಲ್ಲಿ ಕಳೆದ ದಿನಕ್ಕೆ ಇಷ್ಟು ಅಂತ ಕೊಡುವ ಕಾಯ್ದೆ ನಮ್ಮಲ್ಲಿಲ್ಲ. ಬೇಕು ಅಂತ ಕಾನೂನು ಆಯೋಗ 2018ರಲ್ಲೇ 277ನೇ ವರದಿ ಕೊಟ್ಟಿದೆ. ಅಂಥ ಕಾಯ್ದೆ ಬರುವವರೆಗೆ ನಾವೇ ಕೋರ್ಟಿಗೆ ಹೋಗಿ ಕೇಳಬೇಕು.

ಹಾಗಾಗಿ ಮೊದಲ ಕೆಲಸ ನಕಲು ಅರ್ಜಿ, ಅಂದರೆ ಕೋರ್ಟಿನ ಕಾಗದದ ದೃಢೀಕರಿಸಿದ ಪ್ರತಿ ಕೇಳುವ ಅರ್ಜಿ. ಖುಲಾಸೆಯ ತೀರ್ಪು ಧಾರವಾಡ ಹೈಕೋರ್ಟ್ ಪೀಠದ್ದಾದರೆ ಅಲ್ಲಿ ಹಾಕಿ. ಕೆಳಗಿನ ಕೋರ್ಟಿನ ತೀರ್ಪು, ಚಾರ್ಜ್‌ಶೀಟು, ಸಾಕ್ಷಿಗಳ ಹೇಳಿಕೆಗೂ ಬೇರೆ ಅರ್ಜಿ ಬೇಕು. ಎಲ್ಲದಕ್ಕೂ ಸಹಿ, ಶಿಕ್ಕಾ ಇರಲಿ, ಸುಮ್ನೆ ಜೆರಾಕ್ಸ್ ನಡೆಯಲ್ಲ. ಒಳಗೆ ಹೋದ, ಹೊರಗೆ ಬಂದ ದಿನಾಂಕದ ಪತ್ರ ಜೈಲಿನಿಂದ ತನ್ನಿ. ಕೊಡದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ತಪ್ಪಿದ ಕೂಲಿ, ಮಾರಿದ ಎತ್ತು, ಮಾಡಿದ ಸಾಲ, ವಕೀಲರ ಫೀಸು, ಭೇಟಿಗೆ ಹೋದ ಬಸ್ ಚಾರ್ಜು, ಎಲ್ಲ ಬರೆಯಿರಿ. ನಷ್ಟದ ಲೆಕ್ಕಕ್ಕೆ ಇದೇ ಆಧಾರ.

ಈಗ ತೀರ್ಪು ಓದಿಸಿ. ‘ಸಂಶಯದ ಲಾಭ’ ಕೊಟ್ಟು, ಅಂದರೆ ತಪ್ಪು ಪೂರ್ತಿ ಸಾಬೀತಾಗಿಲ್ಲ ಅಂತ ಬಿಟ್ಟಿದ್ದಾರಾ, ಇಲ್ಲ ಕೇಸೇ ಸುಳ್ಳು ಅಂದಿದ್ದಾರಾ? ಸಂಶಯದ ಲಾಭವಾದರೆ ದಾವೆ ಕಷ್ಟ. ದ್ವೇಷದಿಂದ, ತಕ್ಕ ಕಾರಣವಿಲ್ಲದೆ ಕೇಸು ಹಾಕಿದ್ದರು ಅಂತ ತೋರಿಸುವ ಭಾರ ನಮ್ಮ ಮೇಲೇ ಬೀಳುತ್ತದೆ. ಇದನ್ನು ಮೊದಲೇ ಬಾಯಿಬಿಟ್ಟು ಹೇಳುವ ವಕೀಲರನ್ನೇ ಹಿಡಿಯಿರಿ. ಸರ್ಕಾರದ ಮೇಲೆ ದಾವೆಯಾದರೆ ಎರಡು ತಿಂಗಳು ಮೊದಲು ನೋಟಿಸ್ ಕೊಡಬೇಕು.

ಇನ್ನೊಂದು ದಾರಿ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿ. ಬದುಕುವ ಹಕ್ಕಿಗೆ ಸರ್ಕಾರವೇ ಧಕ್ಕೆ ಮಾಡಿದೆ ಅಂತ ಪರಿಹಾರ ಕೇಳುವುದು. ಇದಕ್ಕೆ ದಾವೆಯಂತೆ ಒಂದು ವರ್ಷದ ಗೆರೆ ಇಲ್ಲ, ಆದರೆ ತಡವಾದರೆ ಯಾಕೆ ಅಂತ ಕೇಳುತ್ತಾರೆ. ಬಿಹಾರದ ರುದುಲ್ ಸಾಹ್ ಖುಲಾಸೆಯಾದ ಮೇಲೂ 14 ವರ್ಷ ಒಳಗಿದ್ದರು. 1983ರಲ್ಲಿ ಸುಪ್ರೀಂ ಕೋರ್ಟು ಕೊಡಿಸಿದ್ದು ಒಟ್ಟು 35,000 ರೂಪಾಯಿ. ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 2018ರಲ್ಲಿ 50 ಲಕ್ಷ. ಹೆಂಡತಿಯನ್ನು ಕೊಂದ ಅಂತ ಕೊಡಗಿನ ಒಬ್ಬರನ್ನು ಜೈಲಿಗೆ ಹಾಕಿದ್ದರು, ಆಮೇಲೆ ಆಕೆ ಜೀವಂತ ಸಿಕ್ಕರು. 2025ರಲ್ಲಿ ಮೈಸೂರಿನ ಕೋರ್ಟು ಹೇಳಿದ್ದು 1 ಲಕ್ಷ. ಅಳತೆಗೋಲೇ ಇಲ್ಲ, ಅಲ್ವಾ? ಅದಕ್ಕೇ ಆ ನೋಟ್‌ಬುಕ್ಕಿಗೆ ಅಷ್ಟು ಹೇಳಿದ್ದು.

ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಬಡವರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ವಕೀಲರು ಉಚಿತ.

ರೋಣದವರ ಕಾಗದ ಮತ್ತೆ ತೆಗೆಸಲು ನಾಲ್ಕು ತಿಂಗಳು ಓಡಾಡಿದೆವು. ಅವರ ರಿಟ್ ಇನ್ನೂ ನಡೆದಿದೆ. ಈಗ ಶಿಕ್ಕಾ ಬಿದ್ದ ಪ್ರತಿಯೊಂದು ಹಾಳೆಯನ್ನೂ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾರೆ.